ಖಂಡೇಪೂಜೆಗೆ ತೊಳೆದ ಬೆಳಕಿನ ಕತ್ತಿ

ನನ್ನ ಶೆಡ್ಡಿನಿಂದ ಹೊರಬಿದ್ದ ಸಾಮಾನು ಯಾವುದೂ ಹೊಲಸಾಗಿ ಹೋದದ್ದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಹೆಮ್ಮೆಗೇ ಹೇಳುತ್ತಿದ್ದೇನೆ. ಟ್ರ್ಯಾಕ್ಟರಿನ ಪಿನ್ ಇರಲಿ, ಜೋಯಿಡಾ ಕಡೆಯ ಅಕ್ಕಿ ಗಿರಣಿಯ ಶಾಫ್ಟ್ ಇರಲಿ, ಕೆಲಸ ಮುಗಿದ ಮೇಲೆ ಡೀಸೆಲ್ಲಿನಲ್ಲಿ ತೊಳೆದು, ಅರಿವೆಯಿಂದ ಒರೆಸಿ, ಮುಖ ಕಾಣುವ ಹಾಗೆ ಮಾಡಿಯೇ ಗಿರಾಕಿಯ ಕೈಗೆ ಕೊಡುವುದು ನನ್ನ ರೂಢಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಮ್ಮಪ್ಪ ಪಗಾರ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತುತ್ತಿದ್ದ. ಓಣಿಯಲ್ಲಿ ಅವನನ್ನು ಹೆಬ್ಬೆಟ್ಟಿನವ ಎಂದೇ ಕರೆಯುತ್ತಿದ್ದರು. ನಾನು ಅಷ್ಟರಮಟ್ಟಿಗೆ ಪಾರಾದೆ, ಸಹಿ ಮಾಡುತ್ತೇನೆ. ಆದರೆ ಪೆನ್ನು ಹಿಡಿದರೆ ಇವತ್ತಿಗೂ ಬೆರಳು ಬಿಗಿಯುತ್ತವೆ. ಹಾಗಾಗಿ ಕಬ್ಬಿಣದ ಮೇಲಿನ ಆ ಹೊಳಪನ್ನೇ ನನ್ನ ಸಹಿ ಎಂದುಕೊಂಡು ಇಷ್ಟು ವರ್ಷ ದುಡಿದೆ.

ಈಗ ಐವತ್ತಾರು ನಡೆಯುತ್ತಿದೆ. ಕಬ್ಬಿಣ ಕಡೆಯುವ ಲೇಥಿನ ಮುಂದೆ ನಿಂತು ದುಡಿಯುವ ಕಸುಬಿನಲ್ಲಿ ಮೊದಲು ದಣಿಯುವುದು ಮೊಣಕಾಲು, ಆಮೇಲೆ ಸೊಂಟ, ಎಲ್ಲಕ್ಕಿಂತ ಕೊನೆಗೆ ಮನಸ್ಸು. ನನ್ನದು ಆ ಮೂರನೆಯದಕ್ಕೆ ಬಂದು ನಿಂತಿತ್ತು. ಮೊದಲೆಲ್ಲ ದಾಂಡೇಲಿಯ ಹಳಿಯಾಳ ರಸ್ತೆಯಲ್ಲಿ ನನ್ನ ಶೆಡ್ಡಿನ ಮುಂದೆ ಲಾರಿ, ಪಂಪು, ಕಬ್ಬಿನ ಗಾಡಿ ಸಾಲುಹಚ್ಚಿ ನಿಲ್ಲುತ್ತಿದ್ದವು. ಈಗ ಬೇಕಾದ ಭಾಗ ಹುಬ್ಬಳ್ಳಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಳೆಯದನ್ನು ಎಸೆದು ಹೊಸದನ್ನು ಹಾಕಿದರೆ ಮುಗಿಯಿತು. ನದಿ ದಂಡೆಯ ರೆಸಾರ್ಟಿನವರು ಕೊಕ್ಕೆ, ಸರಪಳಿ ಎಂದು ಆಗೀಗ ಬರುತ್ತಾರೆ. ಅವರ ಸಂಗಡ ಬಂದ ಒಬ್ಬ ಪ್ರವಾಸಿ ನನ್ನ ಲೇಥಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ಅಬ್ಬಾ, ಎಷ್ಟು ಹಳೇದು!" ಎಂದು ಹೋದ. ಅದು ಮಷಿನ್ನಿಗೆ ಅಂದದ್ದೋ ನನಗೆ ಅಂದದ್ದೋ ಎಂದು ನಾನು ಕೇಳಲು ಹೋಗಲಿಲ್ಲ.

ದಸರೆಗೆ ಇನ್ನು ಹತ್ತು ಹನ್ನೆರಡು ದಿನ ಇರುವಾಗ, ಮಧ್ಯಾಹ್ನದ ಹೊತ್ತಿಗೆ, ಒಬ್ಬ ಹುಡುಗಿ ಬಂದಳು. ಹುಡುಗಿ ಎಂದರೆ ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳು. ಹಳಿಯಾಳದ ಬಸ್ಸಿನಿಂದ ಇಳಿದು ನೆಟ್ಟಗೆ ಶೆಡ್ಡಿಗೇ ನಡೆದು ಬಂದಿದ್ದಳು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು, ಬೆನ್ನಿಗೆ ಉದ್ದನೆಯ ಚೀಲ.

"ಕಾಕಾ, ಇದರದೊಂದು ಕೆಲಸ ಐತ್ರಿ. ನೋಡಿ ನಗಬಾರದು ನೋಡ್ರಿ ಮತ್ತ."

"ನಗಾಕ ಯಾರಿಗೆ ಪುರಸೊತ್ತ ಐತವಾ? ತಗಿ."

ಟವೆಲ್ಲು ಬಿಚ್ಚಿದಳು. ಗೇಣುದ್ದಕ್ಕಿಂತ ತುಸು ಹೆಚ್ಚಿನ ಅಲ್ಯೂಮಿನಿಯಂ ಹಿಡಿಕೆ. ಮೈತುಂಬ ಸುತ್ತುಗೆರೆಗಳು, ಕುತ್ತಿಗೆಯಲ್ಲಿ ಒಂದು ತಾಮ್ರದ ಬಳೆ, ಪಕ್ಕದಲ್ಲಿ ಗುಂಡಿ. ಬಣ್ಣ ಅಲ್ಲಲ್ಲಿ ಕಿತ್ತಿತ್ತು. ಬಾಯಿಯ ಹತ್ತಿರ ಒಲೆಯಲ್ಲಿ ಬಿದ್ದೆದ್ದಂತೆ ಕಪ್ಪಾಗಿತ್ತು. ಗೆರೆಗಳ ಸಂದಿನಲ್ಲಿ ಮಸಿ ಕೂತಿತ್ತು.

"ಬ್ಯಾಟ್ರೀನವಾ?"

"ಅಲ್ರೀ, ಕತ್ತಿ."

"ಕತ್ತಿ ಅಂತಿ, ಅಲಗ ಎಲ್ಲಿ?"

ಉದ್ದ ಚೀಲದಿಂದ ಹಾಲುಬಣ್ಣದ ಪ್ಲಾಸ್ಟಿಕ್ ಕೊಳವೆ ತೆಗೆದು ಹಿಡಿಕೆಯ ಬಾಯಿಗೆ ಕೂಡಿಸಿದಳು. ಗುಂಡಿ ಒತ್ತಿದಳು. ಬುಡದಿಂದ ತುದಿಯವರೆಗೆ ನೀಲಿ ಬೆಳಕು ಏರಿತು. ಜತೆಗೆ ಜೇನು ಎದ್ದ ಹಾಗೆ ಗುಂಯ್ ಎಂದು ಸದ್ದು. ಅವಳು ಬೀಸಿದಂತೆಲ್ಲ ಸದ್ದೂ ಏರಿಳಿಯಿತು. ಎದುರಿನ ಪಂಕ್ಚರ್ ಅಂಗಡಿಯವನು ಟ್ಯೂಬು ಕೈಯಲ್ಲೇ ಹಿಡಿದು ಎದ್ದು ನಿಂತ.

ಯಾವುದೋ ಇಂಗ್ಲಿಷ್ ಸಿನಿಮಾದ ಕತ್ತಿಯ ನಕಲಂತೆ ಅದು. ಅಂಥವನ್ನು ಕೂಡಿಟ್ಟುಕೊಳ್ಳುವ ಜನ ಊರೂರಲ್ಲೂ ಇದ್ದಾರಂತೆ. ಅವಳು ಮುಂಡಗೋಡದವಳು, ಹಳಿಯಾಳದಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ, ಬಾಡಿಗೆ ಕೋಣೆ. ಬರಿಯ ಹಿಡಿಕೆ ತರಿಸಿಕೊಂಡು ಎರಡು ವರ್ಷ ಅದರ ಮೇಲೆ ಕೆಲಸ ಮಾಡಿದ್ದಾಳೆ. ಈಗ ತೊಂದರೆ ಏನೆಂದರೆ, ಕೊಳವೆ ಬಾಯಲ್ಲಿ ಸಡಿಲಾಗಿ ಅಲ್ಲಾಡುತ್ತದೆ, ಮುಂದಿನ ಭಾರಕ್ಕೆ ಕೈ ಸೋಲುತ್ತದೆ.

"ಹುಬ್ಬಳ್ಳ್ಯಾಗ ಎರಡ ಕಡೆ ತೋರಿಸಿದೆ ಕಾಕಾ. ಒಬ್ಬಾಂವ ಬಿದ್ದುಬಿದ್ದು ನಕ್ಕ. ಇನ್ನೊಬ್ಬಾಂವ, ನಿಂದ ಇನ್ನೂ ಮದವಿ ಆಗಿಲ್ಲೇನವಾ ಅಂತ ಕೇಳಿದ."

"ನಾ ಎರಡೂ ಮಾಡಂಗಿಲ್ಲ. ಯಾವಾಗ ಬೇಕು?"

"ದಸರಾ ಮುಗದ ಮ್ಯಾಲೆ ಬರೂ ಆಯತವಾರ ಗೋವಾದಾಗ ನಮ್ಮಂಥಾವರದೊಂದು ಕೂಟ ಐತ್ರಿ. ಅಲ್ಲೆ ಒಂದು ಟೇಬಲ್ ಇಟ್ಟಿರ್ತಾರ. ಒಳಗಿನ ಕೆಲಸ ಯಾರ ಮಾಡಿದ್ರೂ ನಡೀತೈತಿ, ಹೊರಗ ಕಾಣೂದೆಲ್ಲಾ ತಮ್ಮ ಕೈಯಿಂದ ಮಾಡಿರಬೇಕು. ಅಂಥಾವು ಅಷ್ಟ ಆ ಟೇಬಲ್ ಮ್ಯಾಲೆ ಇಡೂದು. ಎರಡು ವರ್ಷ ಅದಕ್ಕಂತನ ಮಾಡೇನ್ರಿ. ನೀವು ಒಳಗಿಂದಷ್ಟ ನೋಡ್ರಿ. ಹೊರಗಿಂದು ನಂದು."

ಹೊರಗಿಂದು ನಂದು ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ತೊಳೆದು ಒರೆಸುವುದನ್ನು ತಾನೇ ಮಾಡಿಕೊಳ್ಳುತ್ತಾಳೆ ಎಂದು ತಿಳಿದೆ. ಹೆಸರು ಕೇಳುವ ರೂಢಿ ನನಗಿಲ್ಲ. ಸಾಮಾನು ಯಾವ ಊರಿನದೋ ಆ ಊರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಟವೆಲ್ಲಿನ ಪಕ್ಕದ ಹಲಗೆಯ ಮೇಲೆ 'ಹಳಿಯಾಳ' ಎಂದು ಬರೆದೆ.

ಕೆಲಸ ದೊಡ್ಡದಲ್ಲ, ನಾಜೂಕಿನದು. ಹಿಡಿಕೆಯ ಒಳಗಿನ ಬ್ಯಾಟರಿ, ವೈರು, ಪುಟ್ಟ ಸ್ಪೀಕರ್ ಎಲ್ಲ ಒಂದೇ ಜೋಡಣೆಯಾಗಿ ಹೊರಕ್ಕೆ ಜಾರಿ ಬಂದವು. ಅವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಹಿಡಿಕೆಗೆ ಬಟ್ಟೆ ಸುತ್ತಿ ಲೇಥಿಗೆ ಹಿಡಿಸಿ, ಬಾಯನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿ, ಒಳಗೆ ಬಳೆಯಂಥ ತೆಳ್ಳಗಿನ ಹಿತ್ತಾಳೆಯ ಬುಷ್ ಕೂಡಿಸಿದೆ. ಕೊಳವೆ ಒಳಗೆ ಹೋಗುವಾಗ ಗಾಳಿ ಉಸ್ಸೆಂದು ಹೊರಬಂತು. ಬಿಗಿ ಸರಿ ಇದ್ದರೆ ಮಾತ್ರ ಬರುವ ಸದ್ದು ಅದು. ತುಂಬ ದಿನದ ಮೇಲೆ ಕೇಳಿದೆ.

ಭಾರದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಹಿಡಿಕೆಯ ಬುಡದ ಟೋಪಿಯಂಥ ಮುಚ್ಚಳದ ಒಳಗೆ ಹಿತ್ತಾಳೆಯ ಗುಂಡು ಕೂಡಿಸುವುದು, ಹಿಡಿದು ನೋಡುವುದು, ಮತ್ತೆ ತೆಗೆದು ತುಸು ಕಡಿಮೆ ಮಾಡುವುದು. ನಮ್ಮ ಸೋದರಮಾವ ಪುರವಂತನಾಗಿದ್ದ. ಮದುವೆಗಳಲ್ಲಿ ವೀರಭದ್ರನ ಮುಂದೆ ಕತ್ತಿ ಹಿಡಿದು ಒಡಪು ಹೇಳಿ ಕುಣಿಯುತ್ತಿದ್ದ. ಮುಷ್ಟಿ ಇರುವುದು ಕತ್ತಿ ಹೊರುವುದಕ್ಕೆ, ಅದನ್ನು ನಡೆಸುವುದು ಹೆಬ್ಬೆಟ್ಟು ಎನ್ನುತ್ತಿದ್ದ. ಹೆಬ್ಬೆಟ್ಟನ್ನು ಹಿಡಿಕೆಯ ಉದ್ದಕ್ಕೆ ಮಲಗಿಸಿ ಹಿಡಿದು ತೋರಿಸುತ್ತಿದ್ದ. ನಾನೂ ಹಾಗೇ ಹಿಡಿದೆ. ಹಿಡಿದು ಬೀಸಿದೆ. ಮೂರನೆಯ ಸಲ ಗುಂಡು ಕಡಿಮೆ ಮಾಡಿದ ಮೇಲೆ, ಕೈಯಲ್ಲಿ ಏನೋ ಇದೆ ಎಂಬುದೇ ಮರೆಯುವಷ್ಟು ಸಮ ಬಂತು. ಇನ್ನೊಮ್ಮೆ ಬೀಸಿದೆ. ಆಮೇಲೆ ಇನ್ನೆರಡು ಸಲ ಬೀಸಿದ್ದು ಕೆಲಸಕ್ಕಾಗಿ ಅಲ್ಲ.

ಊಟದ ಡಬ್ಬಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

"ಅಯ್ಯ ಶಿವನ! ಪುರವಂತರಾಗಾಕ ಹೊಂಟ್ರೇನ್ರಿ? ಮನ್ಯಾಗ ಕೊಡಾ ಎತ್ತಂದ್ರ ಸೊಂಟ ಅಂತೀರಿ."

"ಗಿರಾಕಿ ಸಾಮಾನ ಇದು. ತಪಾಸ ಮಾಡಬೇಕಾಗ್ತೈತಿ."

"ಹೂಂ, ಮಾಡ್ರಿ ಮಾಡ್ರಿ. ಪಂಕ್ಚರ್ ಅಂಗಡ್ಯಾಂವ ಬಾಯಿ ತಕ್ಕೊಂಡು ನೋಡಾಕತ್ತಾನ."

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜೆ. ಹಿಂದೆ ಖಡ್ಗಗಳಿಗೆ ಮಾಡುತ್ತಿದ್ದರಂತೆ. ನಮ್ಮಂಥವರು ನಟ್ಟು ತಿರುಗಿಸುವ ಪಾನಾಕ್ಕೆ, ಸುತ್ತಿಗೆಗೆ, ಲೇಥಿಗೆ ಮಾಡುತ್ತೇವೆ. ಹಿಂದಿನ ದಿನವೇ ಕಬ್ಬಿಣವೆಲ್ಲ ತೊಳೆಯಬೇಕು. ಪೂಜೆಯ ದಿನ ಅವಕ್ಕೆ ವಿಶ್ರಾಂತಿ. ಇಷ್ಟು ವರ್ಷ ಪಾನಾವನ್ನೇ ಖಂಡೆ ಎಂದು ನಂಬಿ ಕುಂಕುಮ ಹಚ್ಚಿದವನ ಶೆಡ್ಡಿಗೆ, ಆ ಸಲ ಹಬ್ಬಕ್ಕೆ ಸರಿಯಾಗಿ ನಿಜವಾಗಿ ಕತ್ತಿ ಎಂಬ ಹೆಸರಿನದೊಂದು ಬಂದಿತ್ತು.

"ಈ ವರ್ಷ ಇದನ್ನ ನಡುವ ಇಡೂಣ್ರಿ" ಎಂದಳು ಹೆಂಡತಿ. "ಆದ್ರ ಎಷ್ಟ ಹೊಲಸಾಗೈತಿ ನೋಡ್ರಿ. ಹಿಂಗ ಇಟ್ರ ದೇವರ ಏನ ಅಂದಾನು?"

ನನಗೂ ಅದೇ ಅನ್ನಿಸುತ್ತಿತ್ತು. ದಿನವಿಡೀ ರಕ್ತದ ಸೀಸೆ ಹಿಡಿದು ನಿಲ್ಲುವ ಹೆಣ್ಣುಮಗಳು, ತೊಳೆಯಲು ವೇಳೆ ಎಲ್ಲಿಂದ ತಂದಾಳು? ತೊಳೆಯುವುದನ್ನು ನಾನು ಕೆಲಸವೆಂದು ಎಣಿಸಿದವನೇ ಅಲ್ಲ. ಹೊರಗಿಂದು ನಂದು ಎಂದಿದ್ದಳಲ್ಲ, ಆ ಶ್ರಮ ಉಳಿಯಲಿ ಎಂದುಕೊಂಡೆ. ಒಳಗಿನದನ್ನು ತೆಗೆದಿಟ್ಟು ಹಿಡಿಕೆಯನ್ನು ಡೀಸೆಲ್ಲಿನಲ್ಲಿ ನೆನೆಸಿದೆ. ಸಂದಿನ ಮಸಿಯನ್ನು ಬ್ರಷ್ಷಿನಿಂದ ತೆಗೆದೆ. ಬಾಯಿಯ ಕಪ್ಪು ಹಟ ಹಿಡಿದಿತ್ತು, ಎಮರಿ ಪೇಪರ್ ಹಾಕಿದೆ. ಉಳಿದದ್ದನ್ನು ಹೊಳಪು ಕೊಡುವ ಬಫ್ ಚಕ್ರಕ್ಕೆ ಹಿಡಿದೆ. ತಾಮ್ರದ ಬಳೆ ಬಿಚ್ಚಿ ಹೆಂಡತಿಗೆ ಕೊಟ್ಟೆ. ಅವಳು ಪೂಜೆಯ ತಂಬಿಗೆಗಳ ಜತೆ ಅದನ್ನೂ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದಳು. ಬಳೆ ಕೆಂಪಗೆ ನಕ್ಕಿತು. ಸಂಜೆ ಜೋಡಿಸಿ ನೋಡಿದರೆ, ಅಂಗಡಿಯಿಂದ ಇದೀಗ ಬಂದ ಹಾಗೆ ಹೊಳೆಯುತ್ತಿತ್ತು. ಸೊಂಟ ಹಿಡಿದುಕೊಂಡಿತ್ತು. ಆದರೂ ಒಳ್ಳೆಯ ನಿದ್ದೆ ಬಂತು. ಮರುದಿನ ಪಾನಾ, ಸುತ್ತಿಗೆಗಳ ನಡುವೆ ಅದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು.

ದಶಮಿಯ ಮರುದಿನ ಗುರುವಾರ ಬೆಳಗ್ಗೆ ಆ ಹುಡುಗಿ ಬಂದಳು. ಹಬ್ಬದ ಸೀರೆ ಉಟ್ಟಿದ್ದಳು. ಬಂದವಳೇ ಪರ್ಸಿನಿಂದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟು ಕಾಲು ಮುಟ್ಟಿದಳು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಕಾಕಾ."

"ಬಂಗಾರದಂಗ ಇರು ತಾಯಿ. ನಿನ್ನ ಕತ್ತೀನೂ ಬಂಗಾರದಂಗ ಆಗೇತಿ, ತಡಿ" ಎಂದು ನಾನು ಒಳಗಿಂದ ತಂದು ಅವಳ ಎರಡೂ ಕೈ ಮೇಲೆ ಇಟ್ಟೆ. "ಭಾಳ ಹೊಲಸಾಗಿತ್ತವಾ. ತೊಳದಬಿಟ್ಟೆ."

ಅವಳು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಇನ್ನೊಂದು ಸುತ್ತು ತಿರುಗಿಸಿದಳು. ಹೊಳಪು ಕಂಡು ಹಿಗ್ಗಿರಬೇಕು ಎಂದು ನಾನು ಇನ್ನೂ ನಗುತ್ತಲೇ ಇದ್ದೆ.

"ಅದು ಹೊಲಸಲ್ರಿ ಕಾಕಾ. ನಾ ಮಾಡಿದ್ದು."

"ಏನ ಮಾಡಿದ್ದವಾ?"

"ಹಳೇದ ಮಾಡಿದ್ದು." ಬರಿದಾದ ಅಲ್ಯೂಮಿನಿಯಮ್ಮಿನ ಮೇಲೆ ಬೆರಳಿಟ್ಟು ತೋರಿಸುತ್ತ ಹೋದಳು. "ಇಲ್ಲೆ ಸುಟ್ಟ ಕಲೆ ಇತ್ರಿ. ಮೂರ ಸಲ ಕೆಡಿಸಿ ನಾಕನೇದ್ದಕ್ಕ ಬಂದಿತ್ತು. ಇಲ್ಲೆ ಬಣ್ಣಾ ಕಿತ್ತಿತ್ತು, ಉಗರಲೆ ಕೆರದಿದ್ದೆ. ಈ ಸಂದಿಗೆ ಮಸಿ ಹಚ್ಚಾಕ ಒಂದು ಮಳಿಗಾಲ ಹಿಡದಿತ್ತು, ಥಂಡಿಗೆ ಒಣಗವಲ್ದಾಗಿತ್ತು. ಯುದ್ಧದಾಗ ಹಿಡದ ಕತ್ತಿ ಇದು ಅಂತ ಅನಸಬೇಕಲ್ರಿ. ಈಗ ನೋಡಿದ್ರ..."

ಬಫ್ ಚಕ್ರದ ಮೇಲೆ ಇನ್ನೂ ಅವಳ ಮಸಿ ಅಂಟಿತ್ತು. ನಾನು ಅದರ ಮುಂದೆ ಅಡ್ಡ ನಿಂತೆ. ಕೈಯಲ್ಲಿ ಬನ್ನಿ ಎಲೆ ಹಾಗೇ ಇತ್ತು.

ಬನ್ನಿ ಕೊಟ್ಟ ಮೇಲೆ ಜಗಳ ತೆಗೆಯಬಾರದು ಎಂಬುದು ನಮ್ಮ ಕಡೆಯ ನಡೆ. ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ದಿನ ಬನ್ನಿ ಕೊಟ್ಟು ಮಾತಾಡುತ್ತಾರೆ.

"ಬನ್ನಿ ಕೊಟ್ಟೇನ್ರಿ ಕಾಕಾ" ಎಂದಳು. "ಇಲ್ಲಾಂದ್ರ ಇವತ್ತ ನಿಮಗ ಬೈತಿದ್ದೆ."

"ಬೈಯವಾ. ನಡೀತೈತಿ."

"ಬ್ಯಾಡ್ರಿ."

ನಾನು ಗಡಿಬಿಡಿಯಲ್ಲಿ, ಒಂದು ತಾಸು ಕೊಡು, ಮೊದಲಿನ ಹಾಗೆ ಮಾಡಿಕೊಡುತ್ತೇನೆ, ಲೇಥಿದೆ, ಅರ ಇದೆ, ಸ್ಟವ್ ಇದೆ ಎಂದೆ. ಅವಳು ತಲೆಯಾಡಿಸಿದಳು.

"ನೀವು ಮಾಡಿದ್ರ ನಂದು ಹೆಂಗ ಆಗ್ತೈತ್ರಿ? ಆ ಟೇಬಲ್ ಮ್ಯಾಲೆ ಹೆಂಗ ಇಡ್ಲಿ?" ಸ್ವಲ್ಪ ಹೊತ್ತು ಕೂತು ವಿಚಾರ ಮಾಡಿ ಎದ್ದಳು. "ಶನಿವಾರ ರಜಾ ಹಾಕಿ ಬರ್ತೇನಿ. ನಿಮ್ಮ ಶೆಡ್ ಬೇಕು ಕಾಕಾ. ನಿಮ್ಮ ಕೈ ಬ್ಯಾಡ."

ಕತ್ತಿಯನ್ನು ಅಲ್ಲೇ ಬಿಟ್ಟು ಹೋದಳು. ನನ್ನ ಕೈ ಬೇಡ ಎಂದು ಯಾರಾದರೂ ಹೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಶುಕ್ರವಾರ ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಚೂರು ಅಲ್ಯೂಮಿನಿಯಂ ಪೈಪು ತೆಗೆದುಕೊಂಡು, ಹಳೆಯದು ಮಾಡುವುದೆಂದರೆ ಅದೇನು ಮಹಾ ಎಂದು ನೋಡಲು ಕೂತೆ. ಅರದಿಂದ ಗೀಚಿದೆ. ಅರದಿಂದ ಗೀಚಿದ ಹಾಗೇ ಕಂಡಿತು. ಸುತ್ತಿಗೆಯಿಂದ ಬಡಿದೆ. ಬಡಿದ ಹಾಗೆ ಕಂಡಿತು. ಸ್ಟವ್ವಿಗೆ ಹಿಡಿದು ಮಸಿ ಮಾಡಿದೆ, ಒರೆಸಿದರೆ ಎಲ್ಲ ಹೋಯಿತು, ಬಿಟ್ಟರೆ ಒಲೆಯ ಮೇಲಿನ ಬಾಂಡೆಯ ತಳದ ಹಾಗೆ ಕಂಡಿತು. ನನ್ನ ಪಾನಾ ಒಂದನ್ನು ಪಕ್ಕದಲ್ಲಿಟ್ಟು ನೋಡಿದೆ. ಕೆಲಸ ಕಲಿಸಿದ ಉಸ್ತಾದರು ಕೊಟ್ಟದ್ದು, ನನ್ನ ಕೈಯಲ್ಲೇ ಸವೆದದ್ದು. ಅದರ ಒಂದು ಕಲೆಯನ್ನೂ ನಕಲು ಮಾಡಲು ನನ್ನಿಂದಾಗಲಿಲ್ಲ. ಸಂಜೆ ಪೈಪಿನ ಚೂರನ್ನು ಗುಜರಿಗೆ ಎಸೆದು ಸುಮ್ಮನೆ ಕೂತೆ. ಅವಳು ಎರಡು ವರ್ಷ ಮಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ತೊಳೆದಿದ್ದೆ. ನನ್ನ ಲೇಥನ್ನು ನೋಡಿ ಹಳೇದು ಎಂದು ಹೋದ ಆ ಪ್ರವಾಸಿಗೂ ನನಗೂ ಏನು ವ್ಯತ್ಯಾಸ? ಅವನು ಬರಿ ಫೋಟೋ ತೆಗೆಸಿಕೊಂಡ.

ಶನಿವಾರ ಅವಳು ಮೊದಲ ಬಸ್ಸಿಗೇ ಬಂದಳು. ಚೀಲದಲ್ಲಿ ಬಣ್ಣದ ಸೀಸೆ, ಹಲ್ಲುಜ್ಜುವ ಬ್ರಷ್ಷು, ಹತ್ತಿ, ಬೂಟ್ ಪಾಲೀಷು. ಎಲ್ಲ ಹರಡಿಕೊಂಡು, ಕೊನೆಗೆ ಸ್ವಲ್ಪ ಸಂಕೋಚದಿಂದ, "ಕಾಕಾ, ಒಂದು ನಾಕು ತತ್ತಿ ಬೇಕಾಗಿದ್ವಲ್ರಿ" ಎಂದಳು.

ತಾಮ್ರ ಕಪ್ಪಾಗಬೇಕಾದರೆ ಕುದಿಸಿದ ತತ್ತಿಯನ್ನು ಬಿಸಿಯಿರುವಾಗಲೇ ಒಡೆದು, ಅದರ ಜತೆ ಬಳೆಯನ್ನು ಡಬ್ಬಿಯಲ್ಲಿ ಮುಚ್ಚಿಡಬೇಕಂತೆ. ಆ ವಾಸನೆಯೇ ತಾಮ್ರವನ್ನು ಹಳೆಯದು ಮಾಡುತ್ತದಂತೆ. ಅವಳ ಬಾಡಿಗೆ ಮನೆಯವರು ತತ್ತಿ ತಿನ್ನುವವರಲ್ಲ. ಮೊದಲ ಸಲ ಗೆಳತಿಯ ಮನೆಯಲ್ಲಿ ಕುದಿಸಿದ್ದಳು. ನಾವೂ ತಿನ್ನುವವರಲ್ಲ. ನನ್ನ ಹೆಂಡತಿಯ ಮುಖ ನೋಡಿದೆ. ಬಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದವಳು ಅವಳೇ. ಎರಡು ದಿನದಿಂದ ಅದೇ ಅವಳ ಮನಸ್ಸಿನಲ್ಲಿ ಕುದಿಯುತ್ತಿತ್ತು.

"ಶೆಡ್ಡಿನ್ಯಾಗ ಕುದಸ್ರಿ" ಎಂದಳು ಕೊನೆಗೆ. "ಮನೀ ಪಾತ್ರೆ ಮುಟ್ಟಬ್ಯಾಡ್ರಿ. ದೇವರ ಫೋಟೋಕ್ಕೊಂದು ಅರಬಿ ಮುಚ್ಚರಿ."

ತತ್ತಿ ತರಲು ನಾನೇ ಹೋದೆ. ಮೂವತ್ತು ವರ್ಷದಿಂದ ನನ್ನನ್ನು ಕಂಡ ಅಂಗಡಿಯವನು ಕಾಗದದಲ್ಲಿ ಕಟ್ಟುತ್ತ, "ಏನಣ್ಣಾ, ದಸರಾ ಮುಗೀತಂದಕೂಡ್ಲೆ ಲಿಂಗ ಬಿಚ್ಚಿ ಗೂಟಕ್ಕ ಹಾಕಿದ್ರೇನು?" ಎಂದ. "ಔಷಧಕ್ಕೋ ಮಾರಾಯ" ಎಂದೆ. "ಎಲ್ಲಾರೂ ಮೊದಲ ಹಂಗ ಅಂತಾರು" ಎಂದ.

ಹಳೆಯ ಗ್ರೀಸಿನ ಡಬ್ಬಿ ತಿಕ್ಕಿ ತೊಳೆದು ಅದರಲ್ಲೇ ಕುದಿಸಿದೆ. ಅವಳು ಕೆಲಸಕ್ಕೆ ಕೂತಳು. ನನಗೆ ಒಂದೇ ಒಂದು ಕೆಲಸ ಕೊಟ್ಟಿದ್ದಳು. ಹಿಡಿಕೆಯನ್ನು ಲೇಥಿಗೆ ಹಿಡಿಸಿ, ಕರೆಂಟು ಹಾಕದೆ, ಅದನ್ನು ಕಚ್ಚಿ ಹಿಡಿದ ಚಕ್ಕನ್ನು ಅವಳು ಹೇಳಿದಾಗ ಕೈಯಿಂದ ಮೆಲ್ಲಗೆ ತಿರುಗಿಸುವುದು. ಮೊಣಕಾಲು ನೋಯುತ್ತಿತ್ತು. ಸ್ಟೂಲು ಎಳೆದು ಕೂತೆ. ಆ ಲೇಥಿನ ಮುಂದೆ ನಾನು ಕೂತದ್ದು ಅವತ್ತೇ ಮೊದಲು.

"ಇನ್ನೊಂದೀಟ ತಿರಗಸ್ರಿ. ಹಾಂ, ಸಾಕು. ಕೈ ತಗೀರಿ."

"ಇಲ್ಲೆ ಕಪ್ಪ ಕಡಿಮಿ ಬಿತ್ತಲ್ಲವಾ?"

"ಕಡಿಮಿನ ಬೇಕ್ರಿ. ಎಲ್ಲಾ ಕಡೆ ಸರೀಕ ಹಚ್ಚಿದ್ರ ಬಣ್ಣಾ ಹಚ್ಚಿದಂಗ ಕಾಣ್ತೈತಿ. ಹೊಲಸು ಹಂಗ ಕೂಡಂಗಿಲ್ಲ. ಕೈ ಎಲ್ಲಿ ಮುಟ್ಟತೈತಿ, ಎಲ್ಲಿ ಮುಟ್ಟಂಗಿಲ್ಲ, ಅದನ್ನ ಮೊದಲ ವಿಚಾರ ಮಾಡಬೇಕು."

ಇಡೀ ಆಯುಷ್ಯ ಕಬ್ಬಿಣ ಮುಟ್ಟಿದ ಕೈ ನನ್ನದು. ಅದು ಎಲ್ಲಿ ಮುಟ್ಟುತ್ತದೆ ಎಂದು ಒಂದು ದಿನವೂ ನೋಡಿದವನಲ್ಲ. ಅವಳು ಹಚ್ಚುತ್ತಿದ್ದಳು, ಒರೆಸುತ್ತಿದ್ದಳು, ದೂರ ಹಿಡಿದು ನೋಡುತ್ತಿದ್ದಳು. ಒಂದು ಸಲ ಹಚ್ಚಿದ್ದನ್ನು ನಾಲ್ಕು ಸಲ ಒರೆಸುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಬಂದ ಹೆಂಡತಿ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಬಳೆ ಅಡಿಕೆ ಚೊಗರಿನ ಬಣ್ಣಕ್ಕೆ ತಿರುಗಿತ್ತು. "ಅಯ್ಯ, ಬಂತಲ್ಲವಾ!" ಎಂದು ಅವಳೇ ಎಲ್ಲರಿಗಿಂತ ಹೆಚ್ಚು ಹಿಗ್ಗಿದಳು.

ಮಧ್ಯಾಹ್ನದ ಹೊತ್ತಿಗೆ ಹೊರಮೈ ಮುಗಿಯಿತು. ಒಣಗುವುದಷ್ಟೇ ಉಳಿದಿತ್ತು. ಮೊದಲಿನಷ್ಟು ಆಗಲಿಲ್ಲ, ಆದರೂ ಸಾಕು ಎಂದಳು. ಹೆಂಡತಿ ಅವಳನ್ನು ರೊಟ್ಟಿ ತಿನ್ನಲು ಮನೆಗೆ ಎಳೆದುಕೊಂಡು ಹೋದಳು. ಹೋಗುವಾಗ ಹುಡುಗಿ, ಒಳಗಿನ ಜೋಡಣೆ ಕೂಡಿಸಿ ಭಾರ ಒಮ್ಮೆ ನೋಡಿಬಿಡ್ರಿ ಕಾಕಾ, ಹಿಂದಿನ ಕಡೆ ಹಿಡೀರಿ, ಅಲ್ಲೆ ಒಣಗೇತಿ ಎಂದು ಹೇಳಿದ್ದಳು.

ಹಿಂದಿನ ಕಡೆಯೇ ಹಿಡಿದೆ. ದೇವರಾಣೆ, ಹಿಂದಿನ ಕಡೆಯೇ ಹಿಡಿದೆ. ಜೋಡಣೆ ಕೂಡಿಸಿದೆ, ಕೊಳವೆ ಹಾಕಿದೆ, ಒಮ್ಮೆ ಬೀಸಿದೆ. ಸಮ ಇತ್ತು. ಮರುದಿನ ಇದು ಹೋಗುತ್ತದೆ, ಇನ್ನು ನನ್ನ ಕೈಗೆ ಬರುವುದಿಲ್ಲ ಎನ್ನಿಸಿತು. ಇನ್ನೊಮ್ಮೆ ಬೀಸಿದೆ. ಕೆಳಗಿಟ್ಟಾಗ ನೋಡಿದೆ. ಗುಂಡಿಯ ಪಕ್ಕ, ಕುತ್ತಿಗೆಯ ಕೆಳಗೆ, ಮಸಿ ಹೋಗಿ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಹೆಬ್ಬೆಟ್ಟಿನಷ್ಟು ಜಾಗ. ಮುಷ್ಟಿ ಹಿಂದಿತ್ತು, ಆದರೆ ಮಾವ ತೋರಿಸಿದ ಹಾಗೆ ಮುಂದಕ್ಕೆ ಮಲಗಿದ ನನ್ನ ಹೆಬ್ಬೆಟ್ಟು ಕಪ್ಪಾಗಿತ್ತು.

ಅವಳು ಬರುವವರೆಗೆ ಅಲ್ಲೇ ಕೂತಿದ್ದೆ. ಬಂದಾಗ ಹೆಬ್ಬೆಟ್ಟು ಎತ್ತಿ ತೋರಿಸಿದೆ, ಪಗಾರದ ದಿನ ನಮ್ಮಪ್ಪ ತೋರಿಸುತ್ತಿದ್ದ ಹಾಗೆ.

"ಮತ್ತ ಕೆಡಿಸಿದೆ ತಂಗಿ. ಹಚ್ಚಿಬಿಡು. ಇನ್ನೂ ವ್ಯಾಳ್ಯಾ ಐತಿ."

ಬ್ರಷ್ಷು ತೆಗೆದುಕೊಂಡಳು. ಬಣ್ಣದಲ್ಲಿ ಅದ್ದಿದಳು. ಆಮೇಲೆ ಹಿಡಿಕೆಯನ್ನು ಕೈಯಲ್ಲಿ ಹಿಡಿದು ತನ್ನ ಹೆಬ್ಬೆಟ್ಟನ್ನು ಆ ಬಿಳಿಯ ಜಾಗದ ಮೇಲೆ ಇಟ್ಟಳು. ಸರಿಯಾಗಿ ಕೂತಿತು. ಬೀಸಿದಳು. ನಿಂತಳು.

"ನಾ ಎರಡು ವರ್ಷ ಇಲ್ಲೆ ಕಪ್ಪ ಹಚ್ಚಿದ್ದೆ ಕಾಕಾ" ಎಂದಳು. "ಖರೇವಂದ್ರ ಇಲ್ಲೆ ಕಪ್ಪ ನಿಲ್ಲೂದ ಇಲ್ಲ, ಅಲ್ರಿ? ಹಿಡದಾವರ ಹೆಬ್ಬೆಟ್ಟ ತಿಂದಬಿಡ್ತೈತಿ."

"ಅದೆಲ್ಲಾ ಇರಲಿ. ಹಚ್ಚು. ನಿನ್ನ ಕೈಯಿಂದನ ಆಗಿರಬೇಕು ಅಂದಿದ್ದಿ."

"ಇದರಾಗ ಇದೊಂದ ಖರೇ ಸವದಿದ್ದು. ಇರ್ಲಿ ಬಿಡ್ರಿ."

ಹಚ್ಚು ಎಂದು ನಾನು ಮೂರು ಸಲ ಹೇಳಿದೆ. ಅವಳು ಬ್ರಷ್ಷು ತೊಳೆದಿಟ್ಟಳು. ಟವೆಲ್ಲಿನಲ್ಲಿ ಸುತ್ತಿಕೊಂಡು ಐದರ ಬಸ್ಸಿಗೆ ಹೋದಳು.

ಭಾನುವಾರ, ಅವಳ ಕೂಟದ ದಿನ, ಶೆಡ್ಡಿಗೆ ರಜೆ. ಆದರೂ ಹೋಗಿ ಕೂತಿದ್ದೆ. ತತ್ತಿಯ ವಾಸನೆ ಇನ್ನೂ ಇತ್ತು. ಆ ಟೇಬಲ್ಲು ಎಂಥದ್ದಿರಬಹುದು ಎಂದು ನೆನೆಸಿಕೊಳ್ಳಲು ನೋಡಿದೆ. ಮದುವೆ ಮನೆಯ ಊಟದ ಟೇಬಲ್ಲೇ ಕಣ್ಣಿಗೆ ಬರುತ್ತಿತ್ತು.

ಸೋಮವಾರ ಹನ್ನೊಂದರ ಸುಮಾರಿಗೆ ಅವಳು ಬಂದಳು. ಗೋವಾದಿಂದ, ಆ ದಾರಿಯ ರಾಮನಗರದ ಮೇಲೆ ಹಾಯ್ದು ಬಂದು, ಹಳಿಯಾಳದ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಶೆಡ್ಡಿನವರೆಗೆ ನಡೆದಿದ್ದಳು. ಕಣ್ಣಲ್ಲಿ ನಿದ್ದೆ ಇತ್ತು.

"ಏನಾತವಾ?"

"ಭಾಳ ಮಂದಿ ನೋಡಿದ್ರ ಕಾಕಾ. ನಿಮ್ಮ ಬುಷ್ಷಿಗಂತೂ ಎಲ್ಲಾರೂ ಕೈಮುಗದ್ರು."

"ಬುಷ್ಷ ಬಿಡ. ಟೇಬಲ್?"

ಹಲಗೆಯ ತುದಿಗೆ ಕೂತಳು. "ಮೊದಲ ಅದರ ಮ್ಯಾಲೇನ ಇಟ್ಟಿದ್ರು. ಒಬ್ಬರು ಬಂದು ಎಲ್ಲಾ ನೋಡಿ, ಉಳಿದದ್ದೆಲ್ಲಾ ಮಾಡಿದ್ದು, ಇಲ್ಲೆ ಅಷ್ಟ ಮಾಡಿದಂಗ ಕಾಣವಲ್ದು, ಇದನ್ನ ಹೆಂಗ ಮಾಡಿದಿ ಅಂತ ಹೆಬ್ಬೆಟ್ಟಿನ ಜಾಗಾ ತೋರಿಸಿ ಕೇಳಿದ್ರು."

"ನಾನ ಮಾಡಿದೆ ಅನಬೇಕಿತ್ತವಾ!"

"ಅಂದಿದ್ರ ಮುಗೀತಿತ್ತು. ಬಾಯಿ ಬರಲಿಲ್ರಿ. ಇದು ನಂದಲ್ಲ, ದಾಂಡೇಲ್ಯಾಗ ಒಬ್ಬರು ಕಾಕಾ ಅದಾರ, ಅವರ ಹೆಬ್ಬೆಟ್ಟು ಅಂದೆ. ಪಾಪ, ಅವರಿಗೂ ಕೆಟ್ಟನಿಸ್ತು. ನೇಮ ನೇಮ ಅಲ್ರಿ? ತಗದು ಬಾಜೂ ಟೇಬಲ್ ಮ್ಯಾಲೆ ಇಟ್ರು."

ಎರಡು ವರ್ಷ. ನಾನು ನೆಲ ನೋಡುತ್ತ ನಿಂತೆ. ಬೈಯಲಿ ಎಂದು ಕಾದೆ. ಬನ್ನಿ ಕೊಟ್ಟವರು ಜಗಳ ತೆಗೆಯದಿರುವ ಗಡುವು ಹುಣ್ಣಿಮೆಗೆ ಮುಗಿಯುತ್ತದೆ, ಆಮೇಲಾದರೂ ಬಂದು ಬೈಯಬಹುದಿತ್ತು.

"ಮತ್ತ ಹಚ್ಚೂಣೇನವಾ? ಇವತ್ತ ಲೇಥ್ ಖಾಲಿ ಐತಿ. ಮುಂದಿನ ವರ್ಷಕ್ಕರ ಆಗ್ತೈತಿ."

ಅವಳು ಟವೆಲ್ಲು ಬಿಚ್ಚಿ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟಳು. ಹೆಬ್ಬೆಟ್ಟು ತಾನಾಗಿ ಅಲ್ಲಿಗೆ ಹೋಯಿತು. ಬಿಸಿ ತಾಗಿದವನ ಹಾಗೆ ತೆಗೆದೆ.

"ಇಡ್ರಿ ಕಾಕಾ" ಎಂದಳು. "ಅದೇನು ಹೊಲಸಲ್ಲ."

ಮುಂದಿನ ವರ್ಷಕ್ಕೆ ಬರಿಯ ಹಿಡಿಕೆ ಇನ್ನೊಂದು ತರಿಸುತ್ತೇನೆ, ಅದನ್ನು ಮಾತ್ರ ನಿಮ್ಮ ಓಣಿಗೇ ತರುವುದಿಲ್ಲ ಎಂದು ನಕ್ಕಳು. ಆ ಕಾಕಾನ ಹೆಸರೇನು ಎಂದು ಅವರು ಕೇಳಿದರಂತೆ, ಇವಳಿಗೆ ಗೊತ್ತಿರಲಿಲ್ಲವಂತೆ. ನಾನು ಹೇಳುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿದಳು.

ಹಲಗೆಯ ಮೇಲೆ ಬರೆದಿದ್ದ 'ಹಳಿಯಾಳ'ವನ್ನು ಅಳಿಸಿದೆ. ಅದರ ಕೆಳಗೆ 'ಜೋಯಿಡಾ' ಇತ್ತು, ಗಿರಣಿಯ ಶಾಫ್ಟು. ಕೆಲಸ ಮುಗಿದಿತ್ತು, ತೊಳೆಯುವುದಷ್ಟೇ ಬಾಕಿ. ಡೀಸೆಲ್ಲಿನ ಡಬ್ಬಿ ಹತ್ತಿರ ಎಳೆದುಕೊಂಡೆ. ಅರಿವೆ ಅದ್ದಿದೆ. ಮೈಮೇಲೆ ತೌಡು, ಗ್ರೀಸು, ವರ್ಷಗಳ ಧೂಳು ಗಟ್ಟಿಯಾಗಿ ಕೂತಿತ್ತು. ಅರಿವೆ ಕೆಳಗಿಟ್ಟು ಗಿರಾಕಿಗೆ ಫೋನು ಮಾಡಿದೆ.

"ಸಾಮಾನ ತಯಾರ ಐತ್ರಿ. ತೊಳೀಲೇನು?"

ನಾನು ಎಂದೂ ಕೇಳದ ಪ್ರಶ್ನೆ ಅದು.

"ಅಣ್ಣಾ," ಎಂದ ಗಿರಾಕಿ ಆ ಕಡೆಯಿಂದ, "ಆರಾಮ ಅದೀರಿಲ್ಲೋ?"